ಒಂಟಿ ಕಾಮಾ

"ಒಂದು ಕಾಮಾ ತಾನೇ ಸಾರ್, ಬಿಡಿ."

ಮೊನ್ನೆ ಇಂಗ್ಲಿಷ್ ಪತ್ರ ತಿದ್ದಿಸಿಕೊಳ್ಳಲು ಬಂದ ಹುಡುಗನ ಈ ಮಾತು ವಾರವಿಡೀ ತಲೆಯಲ್ಲೇ ಕೂತಿದೆ. ಅವನ ವಾಕ್ಯ: 'ಮೈ ಬ್ರದರ್, ಹೂ ಲಿವ್ಸ್ ಇನ್ ಮೈಸೂರು ವಿಲ್ ಸೈನ್ ದ ಪೇಪರ್ಸ್.' ಬ್ರದರ್ ಆದಮೇಲೆ ಕಾಮಾ ಇದೆ, ಮೈಸೂರು ಆದಮೇಲೆ ಇಲ್ಲ.

ನಡುವೆ ಸೇರಿಸಿದ ಮಾಹಿತಿಯನ್ನು ಎತ್ತಿಹಾಕಿದರೂ ಯಾರೆಂಬುದು ಸ್ಪಷ್ಟವಾಗಿ ಉಳಿದರೆ ಎರಡು ಕಾಮಾ. ಗುರುತಿಗೇ ಅದು ಬೇಕಾದರೆ ಒಂದೂ ಬೇಡ. ಒಂದೇ ಒಂದು ಮಾತ್ರ ಎರಡು ಲೆಕ್ಕದಲ್ಲೂ ತಪ್ಪು. 'ಮೈಸೂರಿನಲ್ಲಿರುವ ಅಣ್ಣ' ಎಂದಾಗ ಅಣ್ಣ ಒಬ್ಬನೋ ನಾಲ್ವರೋ, ಕನ್ನಡ ಕೇಳುವುದಿಲ್ಲ, ಇಂಗ್ಲಿಷ್ ಕೇಳುತ್ತದೆ. ಹುಡುಗನದ್ದು ಅರ್ಧ ತಪ್ಪಷ್ಟೇ. ಉಳಿದರ್ಧ 'ಉಸಿರು ನಿಲ್ಲುವಲ್ಲಿ ಕಾಮಾ' ಎಂದು ಕಲಿಸುವ ಮೇಷ್ಟ್ರುಗಳದ್ದು.

ಒಂದು ಕಾಮಾ ತಾನೇ? ಕೆನಡಾದಲ್ಲಿ ರೋಜರ್ಸ್ ಮತ್ತು ಅಲಿಯಾಂಟ್ ಕಂಪನಿಗಳು ಕೇಬಲ್ ಕಂಬಗಳ ಒಪ್ಪಂದಕ್ಕೆ ಕಿತ್ತಾಡಿದ್ದು ಇದಕ್ಕೇ. ಮೊದಲು 5 ವರ್ಷ, ಆಮೇಲೆ ಐದೈದು ವರ್ಷ, ಒಂದು ವರ್ಷ ಮುಂಚೆ ನೋಟಿಸ್ ಕೊಟ್ಟು ರದ್ದು ಮಾಡದಿದ್ದರೆ ಎಂಬ ಷರತ್ತು. 'ಆಮೇಲೆ ಐದೈದು ವರ್ಷ' ಎಂಬುದರ ಆಚೀಚೆ ಕಾಮಾ ಇದ್ದುದರಿಂದ ಅದು ನಡುವಿನ ಸೇರ್ಪಡೆಯಾಯಿತು. ರದ್ದತಿಯ ಮಾತು ಮೊದಲ 5 ವರ್ಷಕ್ಕೂ ತಗುಲಿಕೊಂಡಿತು. 2006ರಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಣ ಆಯೋಗ ಹಾಗೇ ಓದಿತು. ಮರುವರ್ಷ ಒಪ್ಪಂದದ ಫ್ರೆಂಚ್ ಪ್ರತಿ ನೋಡಿ ತೀರ್ಪು ತಿರುಗಿಸಿತು.

ಸೇರ್ಪಡೆಯ ಒಳಗೇ ಕಾಮಾಗಳಿದ್ದರೆ ಹೊರಗೆ ಡ್ಯಾಶ್ ಹಾಕಿ: 'ತ್ರೀ ಟೌನ್ಸ್—ಹಾಸನ, ಮಂಡ್ಯ ಆ್ಯಂಡ್ ತುಮಕೂರು—ಸೆಂಟ್ ಟೀಮ್ಸ್.' ಇಲ್ಲಿ ಕಾಮಾ ಹಾಕಿದರೆ ಊರು ಆರಾದಂತೆ ಕಾಣುತ್ತದೆ. ವಿಂಡೋಸ್‌ನಲ್ಲಿ ಆಲ್ಟ್ ಒತ್ತಿಹಿಡಿದು ಬಲಗಡೆಯ ನಂಬರ್ ಪ್ಯಾಡ್‌ನಲ್ಲಿ 0151 ಒತ್ತಿದರೆ ಉದ್ದ ಡ್ಯಾಶ್ ಬರುತ್ತದೆ, ಮೇಲಿನ ಸಾಲಿನ ಅಂಕಿಗಳಿಂದ ಬರದು. ಅಮೆರಿಕದ ಪುಸ್ತಕಗಳಲ್ಲಿ ಅದರ ಆಚೀಚೆ ಜಾಗ ಬಿಡುವುದಿಲ್ಲ. ಬ್ರಿಟನ್ನಿನ ಅನೇಕ ಪ್ರಕಾಶಕರು ಗಿಡ್ಡ ಡ್ಯಾಶ್ ಹಾಕಿ ಎರಡೂ ಕಡೆ ಜಾಗ ಬಿಡುತ್ತಾರೆ. ಯಾವುದಾದರೂ ಸರಿ, ಬೆರೆಸಬೇಡಿ. ಒಂದೇ ವಾಕ್ಯದಲ್ಲಿ ಎರಡು ಜೋಡಿ ಡ್ಯಾಶಂತೂ ಬೇಡವೇ ಬೇಡ, ಯಾವುದು ಯಾವುದರ ಜೋಡಿಯೋ ತಿಳಿಯದು.

ಇಸವಿ, ಸಂಕ್ಷೇಪದಂಥ ಪುಡಿ ವಿವರಕ್ಕೆ ಬ್ರಾಕೆಟ್ ಸಾಕು. ತೆರೆಯುವ ಬ್ರಾಕೆಟ್ಟಿನ ಹಿಂದೆ ಕಾಮಾ ಬಾರದು, ಮುಚ್ಚಿದ ಮೇಲೆ ಬರಬಹುದು. ಇಡೀ ವಾಕ್ಯವೇ ಒಳಗಿದ್ದರೆ ಫುಲ್‌ಸ್ಟಾಪ್ ಒಳಗೆ, ತುಣುಕಾದರೆ ಹೊರಗೆ.

ಇಷ್ಟು ಕೇಳಿಸಿಕೊಂಡ ಹುಡುಗ ಮೈಸೂರಿನ ಮುಂದೆ ಕಾಮಾ ಹಾಕಲು ಪೆನ್ನು ತೆಗೆದ.

"ಅಣ್ಣಂದಿರು, ತಮ್ಮಂದಿರು ಎಷ್ಟು ಜನ?"

"ಇಬ್ಬರು ಅಣ್ಣಂದಿರು ಸಾರ್. ಇನ್ನೊಬ್ಬ ದುಬೈನಲ್ಲಿದಾನೆ."

ಮೊದಲೇ ಇದ್ದ ಕಾಮಾವನ್ನೂ ಹೊಡೆದುಹಾಕಿಸಿದೆ.