ಗಂಟೆ ಹೊಡೆಯದ ಊಟ

ಪುನರ್ವಸು ಮಳೆ. ಮಧ್ಯಾಹ್ನದಿಂದ ರಜೆ ಅಂತ ಗ್ರೂಪಿಗೆ ಮೆಸೇಜ್ ಬಂತು. ಹೊಸನಗರದ ಕಡೆಯ ಆ ಶಾಲೆಯಲ್ಲಿ ಅವತ್ತು ನನ್ನ ವಿಸಿಟ್. ಹಳ್ಳ ಏರುವ ಮೊದಲು ಮಕ್ಕಳು ಮನೆ ಸೇರಲಿ ಅಂತ ಬಿಸಿಯೂಟವನ್ನು ಬೇಗ ಬಡಿಸಿದರು. ಅಲ್ಲಿ ಆಟಿಸಂ ಇರುವ ಏಳು ವರ್ಷದ ಹುಡುಗನಿಗೆ ಒಂದು ಬೋರ್ಡ್ ಇದೆ: ದಿನದ ಕೆಲಸಗಳ ಚಿತ್ರದ ಕಾರ್ಡುಗಳು ಸಾಲಾಗಿ, ಮುಗಿದದ್ದನ್ನು ಕಿತ್ತು ಮುಂದಿನದಕ್ಕೆ ಹೋಗುವುದು. ಅದರಿಂದ ಗಣಿತದ ಕಾರ್ಡ್ ಕಿತ್ತು, "ಬಾರೋ ಪುಟ್ಟ, ಊಟ" ಅಂದೆ.

ಅವನು ಕಿವಿ ಮುಚ್ಚಿಕೊಂಡ. ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು, ಆ ಸದ್ದೇ ಕಾರಣ ಅಂದುಕೊಂಡು ಆಫೀಸ್ ರೂಮಿಗೆ ಕರೆದೊಯ್ಯಲು ಕೈ ಹಿಡಿದೆ. "ಏನಿಲ್ಲ, ಮಳೆ ಅಷ್ಟೇ, ಬಾ, ಉಂಡು ಮನೆಗೆ ಹೋಗೋಣ." ಮಣಿಕಟ್ಟು ಕಚ್ಚಿಕೊಂಡ. ನೆಲಕ್ಕೆ ಕುಸಿದು ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ನಾನು ಮಾತಾಡುತ್ತಲೇ ಇದ್ದೆ. ತಲೆಗೂ ಗೋಡೆಗೂ ನಡುವೆ ಬ್ಯಾಗ್ ಇಟ್ಟದ್ದೊಂದೇ ಸರಿಯಾದ ಕೆಲಸ.

ಬಾಗಿಲಲ್ಲಿದ್ದ ಅಡುಗೆಯಕ್ಕ ಹೇಳಿದರು: "ಗಂಟೆ ಹೊಡಿಲಿಲ್ಲ ಅಲ್ದ ಮೇಡಂ, ಅವ್ನು ಹೆಂಗೆ ಬರ್ತಾನೆ?"

ಬೋರ್ಡಿನಲ್ಲಿ ಗಣಿತದ ಮುಂದಿನದು ಗಂಟೆ, ಆಮೇಲೆ ಕೈ ತೊಳೆಯುವುದು, ಆಮೇಲೆ ಊಟ. ಆ ಬೋರ್ಡ್ ಮಾಡಿಕೊಟ್ಟವಳು ನಾನೇ.

ಅಷ್ಟು ಉಕ್ಕಿದ ಮೇಲೆ ಗಂಟೆ ಹೊಡೆದರೂ ಅದು ಮಗುವಿಗೆ ಇನ್ನೊಂದು ಸದ್ದು ಮಾತ್ರ. ಉಳಿದ ಮಕ್ಕಳನ್ನು ಹೊರಗೆ ಕಳಿಸಿ, ಒಬ್ಬರೇ ಇರಿ. ಎರಡು ಮೊಳ ದೂರದಲ್ಲಿ ಕೆಳಗೆ ಕೂತು ಬಾಯಿ ಮುಚ್ಚಿಕೊಳ್ಳಿ. ಪೆಟ್ಟಾಗುವಂತಿದ್ದರೆ ಹೊರತು ಮುಟ್ಟಬೇಡಿ. ಹಟ ಮಾಡುವ ಮಗು ಕೇಳಿದ್ದು ಸಿಕ್ಕರೆ ನಿಲ್ಲಿಸುತ್ತದೆ. ಈ ಉಕ್ಕು ಹಟವಲ್ಲ, ತಾನಾಗಿಯೇ ಇಳಿಯಬೇಕು. ಅವತ್ತು 25 ನಿಮಿಷ ಹಿಡಿಯಿತು. ಉಸಿರು ಹದಕ್ಕೆ ಬಂದ ಮೇಲೆ ನೀರಿನ ಲೋಟವನ್ನು ಕೈಗೆಟುಕುವಲ್ಲಿ ಇಟ್ಟೆ. ಕುಡಿದ. ಹೊರಗೆ ಗಂಟೆ ಹೊಡೆಸಿದೆವು. ಅವನೇ ಎದ್ದು ಗಂಟೆಯ ಕಾರ್ಡ್ ಕಿತ್ತು, ಕೈ ತೊಳೆಯಲು ಹೋದ.

ಬೇಕಿದ್ದದ್ದು ಒಂದು "ಬದಲಾವಣೆ" ಕಾರ್ಡ್: ಹಳದಿ, ಬೇರೆ ಯಾವ ಕಾರ್ಡಿಗೂ ಇಲ್ಲದ ಬಣ್ಣ. ಅದನ್ನು ಕಷ್ಟದ ದಿನವೇ ಮೊದಲು ತೋರಿಸಿದರೆ ಮಗು ಆ ಬಣ್ಣಕ್ಕೇ ಹೆದರುತ್ತದೆ. ಮೊದಲ ಎರಡು ವಾರ ಖುಷಿಯ ಬದಲಾವಣೆಗೆ ಬಳಸಿ, ಗಣಿತದ ಜಾಗದಲ್ಲಿ ಉಯ್ಯಾಲೆ ಬಂತು ಅನ್ನುವ ಹಾಗೆ. ಆಮೇಲೆ ಸಣ್ಣಪುಟ್ಟದ್ದಕ್ಕೆ, ಕೊನೆಗೆ ಬೇಡದ್ದಕ್ಕೆ. ಇಷ್ಟೂ ಜೂನ್‌ಗೆ ಮೊದಲೇ ಆಗಿರಬೇಕು.

ಲ್ಯಾಮಿನೇಷನ್ ಮಾಡಿದ ಮೇಲೆ ಕಾಗದದ ಅಂಚಿಗೇ ಕತ್ತರಿಸಬೇಡಿ. ಸುತ್ತ ಅರ್ಧ ಸೆಂಟಿಮೀಟರ್ ಪ್ಲಾಸ್ಟಿಕ್ ಬಿಡದಿದ್ದರೆ ಶೀತ ಒಳಗೆ ಹೋಗಿ, ಆಟಿ ತಿಂಗಳು ಮುಗಿಯುವಷ್ಟರಲ್ಲಿ ಚಿತ್ರದ ಮೇಲೆ ಬೂಷ್ಟು. ವೆಲ್ಕ್ರೋದ ಅಂಟು ಮಳೆಗಾಲ ತಾಳುವುದಿಲ್ಲ. ಬೋರ್ಡಿನ ಬಟ್ಟೆಗೆ ಹೊಲಿಸಿಬಿಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ನಾವು ತುಂಬುವ ಫಾರ್ಮಿನಲ್ಲಿ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಚೀಟಿಯ ನಂಬರಿಗೆ ಜಾಗ ಇದೆ. ಈ ಮಗು ಯಾವುದಕ್ಕೆ ತತ್ತರಿಸುತ್ತದೆ ಅಂತ ಬರೆಯಲು ಒಂದು ಗೆರೆಯೂ ಇಲ್ಲ. ಅಡುಗೆಯಕ್ಕನಿಗೆ ಗೊತ್ತಿದ್ದದ್ದು ಯಾವ ಫೈಲಿನಲ್ಲೂ ಇರಲಿಲ್ಲ.

ಈಗ ಪ್ರತಿ ಕಾರ್ಡಿನದೂ ಎರಡು ಪ್ರತಿ, ಒಂದು ಶಾಲೆಗೆ, ಒಂದು ಮನೆಗೆ. ಮಳೆ ರಜೆ ಘೋಷಣೆಯಾದ ಬೆಳಿಗ್ಗೆ ಅವನು ಯೂನಿಫಾರ್ಮ್ ಹಾಕಿಕೊಳ್ಳುವ ಮೊದಲೇ ಅವನಮ್ಮ ಹಳದಿ ಕಾರ್ಡನ್ನು ಶಾಲೆಯ ಫೋಟೊದ ಮೇಲೆ ಅಂಟಿಸುತ್ತಾರೆ.