ಉರುಳಿದ ಸ್ಪ್ರೂಸ್ ಮರದ ಬೇರಿನಡಿ ಸಿಗುವ ಪಿನ್ ಲೈಕೆನ್

ಲೈಕೆನ್ ಅಂದರೆ ಶಿಲೀಂಧ್ರ ಮತ್ತು ಪಾಚಿ ಜೊತೆಯಾಗಿ ಬಾಳುವ ಜೀವಿ; ಅದರಲ್ಲಿ ಗುಂಡುಸೂಜಿಯಂತೆ ಕಾಣುವುದು ಪಿನ್ ಲೈಕೆನ್. ಅದನ್ನು ಹುಡುಕಬೇಕಾದರೆ ಮೊದಲು ಮಳೆ ತಾಗದ ಜಾಗಕ್ಕೆ ಹೋಗಿ. ಬಣ್ಣ, ಆಕಾರ ಎಲ್ಲ ಆಮೇಲೆ. ನಾನು ಹೇಳುತ್ತಿರುವುದು ಸ್ವೀಡನ್ನಿನ ಉಪ್ಸಲಾ ಸುತ್ತಮುತ್ತ ಇರುವಂಥ ಹಳೆಯ ಸ್ಪ್ರೂಸ್ (ಸೂಜಿ ಎಲೆಯ ಒಂದು ಮರ) ಕಾಡುಗಳ ಬಗ್ಗೆ. ಗಾಳಿಗೆ ಮರ ಉರುಳಿದಾಗ ಬುಡವೆಲ್ಲ ಮಣ್ಣು ಸಮೇತ ಮೇಲೆದ್ದು ನಿಂತುಬಿಡುತ್ತದೆ. ಅದರ ಅಡಿಯಲ್ಲಿ, ಬೇರುಗಳ ನಡುವೆ, ಯಾವಾಗಲೂ ನೆರಳು. ಗಾಳಿಯಲ್ಲಿ ತೇವ ಇರುತ್ತದೆ, ಆದರೆ ಮಳೆಹನಿ ನೇರವಾಗಿ ಬೀಳುವುದಿಲ್ಲ. ಅಲ್ಲಿ ಮೊಣಕಾಲೂರಿ ಕೂತು, ಟಾರ್ಚ್ ಓರೆಯಾಗಿ ಹಿಡಿದು ನೋಡಿ.

ಮೊದಲು ಕಣ್ಣಿಗೆ ಬೀಳುವುದು ಹಳದಿ ಹಸಿರು ಪುಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದರೆ ಆ ಪುಡಿಯಲ್ಲಿ ಗುಂಡುಸೂಜಿ ಚುಚ್ಚಿಟ್ಟ ಹಾಗೆ ಸಣ್ಣ ಕಡ್ಡಿಗಳು, ಒಂದೆರಡು ಮಿಲಿಮೀಟರ್ ಎತ್ತರ ಅಷ್ಟೇ, ತುದಿಯಲ್ಲಿ ಕಂದು ತಲೆ. ಇದರ ಹೆಸರು ಕೀನೊಥೀಕ ಫರ್ಫ್ಯುರೇಸಿಯ. ನಾವು ಮಸಾಲೆಗೆ ಹಾಕುವ ಕಲ್ಲುಹೂವೂ ಲೈಕೆನ್ನೇ, ಆದರೆ ಇದನ್ನು ಕಂಡವರು ಎರಡೂ ಒಂದೇ ಥರದ ಜೀವಿ ಅಂದರೆ ನಂಬುವುದು ಕಷ್ಟ.

ತಲೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದರೆ ಕಂದು ಪುಡಿ ಅಂಟುತ್ತದೆ, ಅಲ್ವಾ, ಅದೇ ಬೀಜಕಗಳು. ಬೇರೆ ಎಷ್ಟೋ ಲೈಕೆನ್‌ಗಳು ಬೀಜಕಗಳನ್ನು ಚಿಮ್ಮಿಸುತ್ತವೆ. ಇಲ್ಲಿ ಬೀಜಕದ ಚೀಲಗಳೇ ಕರಗಿಹೋಗಿ, ಒಣ ಪುಡಿ ತಲೆಯ ಮೇಲೆ ರಾಶಿಯಾಗಿ ಉಳಿಯುತ್ತದೆ. ಇದಕ್ಕೆ ಮಜೀಡಿಯಮ್ ಅನ್ನುತ್ತಾರೆ. ಪುಡಿ ಕಂದು ಬಣ್ಣದ್ದಾದರೆ ಕೀನೊಥೀಕ ಕುಲದ್ದಿರಬಹುದು, ಕಪ್ಪಾದರೆ ಕ್ಯಾಲಿಸಿಯಮ್ ಅನ್ನುವ ಇನ್ನೊಂದು ಪಿನ್ ಲೈಕೆನ್ ಕುಲದ ಕಡೆ ಯೋಚಿಸಿ. ಮೈಕ್ರೋಸ್ಕೋಪಿನಲ್ಲಿ ಇನ್ನೂ ಸ್ಪಷ್ಟ: ಕೀನೊಥೀಕದ ಬೀಜಕ ಒಂದೇ ಕೋಶದ್ದು, ಕ್ಯಾಲಿಸಿಯಮ್‌ನದು ಎರಡು ಕೋಶದ್ದು.

ಹೆಚ್ಚು ಗೊಂದಲ ಆಗುವುದು ಕೀನೊಥೀಕ ಕ್ರೈಸೊಸೆಫಲ ಜೊತೆ. ಅದೂ ಹಳದಿಯೇ. ಆದರೆ ಕಡ್ಡಿಗಳ ಬುಡದಲ್ಲಿ ಹರಡಿರುವ ಅದರ ಪದರ ಪುಡಿಯಾಗಿರದೆ ಕಾಳುಕಾಳಾಗಿರುತ್ತದೆ, ಕಡ್ಡಿ ಕಪ್ಪು, ಹಳದಿ ಧೂಳು ತಲೆಯ ಕೆಳಭಾಗದಲ್ಲಿ ಜಾಸ್ತಿ. ಫರ್ಫ್ಯುರೇಸಿಯದಲ್ಲಿ ಕಡ್ಡಿಗೂ ಹಳದಿ ಹಸಿರು ಧೂಳು ಮೆತ್ತಿರುತ್ತದೆ. ಒಳಗಿನ ಪಾಚಿಯೂ ಬೇರೆ, ಕ್ರೈಸೊಸೆಫಲದಲ್ಲಿ ಟ್ರೆಬೌಕ್ಸಿಯ, ಫರ್ಫ್ಯುರೇಸಿಯದಲ್ಲಿ ಸ್ಟೈಕೊಕಾಕಸ್. ಒಂದೇ ಕುಲದ ಅಕ್ಕಪಕ್ಕದ ಪ್ರಭೇದಗಳು ಬೇರೆ ಬೇರೆ ಪಾಚಿಯನ್ನು ಜೊತೆಗಿಟ್ಟುಕೊಂಡಿವೆ ಅನ್ನುವುದು ನನಗೆ ಈಗಲೂ ಅದ್ಭುತ ಅನ್ನಿಸುತ್ತದೆ. ತೊಗಟೆ ಉದುರಿದ ಬರಿ ಮರದ ಮೇಲೆ, ಸುತ್ತ ಯಾವ ಪದರವೂ ಕಾಣದೆ ಸಣ್ಣ ಕಪ್ಪು ಕಡ್ಡಿಗಳು ಮಾತ್ರ ಇದ್ದರೆ ಅದು ಲೈಕೆನ್ ಆಗಿರಲೇಬೇಕು ಅಂತಿಲ್ಲ. ಮೈಕೊಕ್ಯಾಲಿಸಿಯಮ್ ಹಾಗೆಯೇ ಕಾಣುತ್ತದೆ, ಅದು ಪಾಚಿಯ ಹಂಗಿಲ್ಲದ ಶಿಲೀಂಧ್ರ.

ಬಾಲ್ಟಿಕ್ ಅಂಬರಿನಲ್ಲೂ, ಅಂದರೆ ಬಾಲ್ಟಿಕ್ ಸಮುದ್ರದ ಕಡೆ ಸಿಗುವ ಕಲ್ಲಾದ ಮರದ ಅಂಟಿನಲ್ಲೂ, ಪಿನ್ ಲೈಕೆನ್‌ಗಳು ಸಿಕ್ಕಿವೆ, 3 ಕೋಟಿ ವರ್ಷಕ್ಕಿಂತ ಹಳೆಯವು. ಅಷ್ಟು ಕಾಲ ಬಾಳಿದ ಬಳಗ ಇದು. ಈಗ ಬಿದ್ದ ಮರಗಳನ್ನೆಲ್ಲ ಎತ್ತಿ ಕಾಡು ಚೊಕ್ಕಟ ಮಾಡಿದರೆ ಇವಕ್ಕೆ ಜಾಗವೇ ಇರುವುದಿಲ್ಲ. ದಯವಿಟ್ಟು ರಕ್ಷಿತ ಕಾಡಿನಲ್ಲಿ ಕೀಳಬೇಡಿ. ಇಡೀ ಬೇರಿನದೊಂದು, ಪದರದ್ದೊಂದು, ತಲೆಯ ಕೆಳಭಾಗದ್ದೊಂದು ಫೋಟೋ ತೆಗೆದುಕೊಳ್ಳಿ. ಫರ್ಫ್ಯುರೇಸಿಯವನ್ನು ಗುರುತಿಸಲು ಸಾಮಾನ್ಯವಾಗಿ ಅಷ್ಟು ಸಾಕು.