ವೈರಸ್‌ನ ಜೀನ್ ನೋಡಿದರೆ ‘ಯಾರಿಂದ ಬಂತು’ ಎಂದು ಗೊತ್ತಾಗುತ್ತದೆಯೇ?

ವೈರಸ್‌ಗಳ ವಂಶವೃಕ್ಷದ ಬಗ್ಗೆ ಎಲ್ಲಿ ಮಾತಾಡಿದರೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಎಚ್‌ಐವಿ ಯಾರಿಂದ ಯಾರಿಗೆ ಹೋಯಿತು ಎಂದು ಜೀನ್ ನೋಡಿ ಹೇಳಬಹುದಲ್ಲವೇ? ಕೇಳುವವರ ಮನಸ್ಸಿನಲ್ಲಿ ಹೆಚ್ಚಾಗಿ ಅಪರಾಧಿಯೊಬ್ಬ ಆಗಲೇ ಸಿದ್ಧನಾಗಿರುತ್ತಾನೆ. ನನಗೆ ನೆನಪಾಗುವುದು ಲಿಬಿಯಾದ ಬೆಂಗಾಜಿ.

ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ 400ಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ ತಗುಲಿದ್ದು 1998ರಲ್ಲಿ ಬೆಳಕಿಗೆ ಬಂತು. ಬಲ್ಗೇರಿಯಾದ ಐವರು ನರ್ಸ್‌ಗಳು ಮತ್ತು ಒಬ್ಬ ಪ್ಯಾಲೆಸ್ಟೀನಿ ವೈದ್ಯ ಬೇಕೆಂದೇ ಸೋಂಕು ಹರಡಿದರೆಂದು ಆರೋಪ ಹೊರಿಸಿ, ಮರಣದಂಡನೆ ವಿಧಿಸಲಾಯಿತು. ಈ ವಿದೇಶಿ ಸಿಬ್ಬಂದಿ ಅಲ್ಲಿಗೆ ಬಂದದ್ದು 1998ರ ಮಾರ್ಚ್‌ನಲ್ಲಿ. ಈ ತಿಂಗಳನ್ನು ನೆನಪಿಟ್ಟುಕೊಳ್ಳಿ.

ನಮ್ಮ ಗ್ರಂಥಸಂಪಾದಕರು ಓಲೆಗರಿಗಳನ್ನು ಹೇಗೆ ಓದುತ್ತಾರೆ? ಎರಡು ಪ್ರತಿಗಳಲ್ಲಿ ಅದದೇ ತಪ್ಪುಗಳಿದ್ದರೆ ಎರಡಕ್ಕೂ ಮೂಲ ಒಂದೇ ಎನ್ನುತ್ತಾರೆ. ಎಚ್‌ಐವಿ ಮಹಾ ಅಜಾಗರೂಕ ಲಿಪಿಕಾರ. ತನ್ನನ್ನು ತಾನೇ ನಕಲು ಮಾಡಿಕೊಳ್ಳುವಾಗ ತಪ್ಪುಗಳನ್ನು ಬಿಟ್ಟುಕೊಂಡೇ ಹೋಗುತ್ತದೆ. ಆ ತಪ್ಪುಗಳು ಒಟ್ಟುಗೂಡುವ ವೇಗ ಹೆಚ್ಚುಕಡಿಮೆ ತಿಳಿದಿರುವುದರಿಂದ, ಮೂಲ ಪ್ರತಿಯ ಕಾಲವನ್ನೂ ಲೆಕ್ಕ ಹಾಕಬಹುದು. ಓಲೆಗರಿಯವರಿಗೆ ಇಲ್ಲದ ಅನುಕೂಲ ಇದು.

ವೈರಸ್‌ಗಳ ಜೀನ್ ಅಧ್ಯಯನ ಮಾಡುವ ವಿಜ್ಞಾನಿ ಟುಲಿಯೊ ಡಿ ಒಲಿವೇರಾ ಮತ್ತು ಸಂಗಡಿಗರು ಆ ಮಕ್ಕಳ ವೈರಸ್‌ಗಳಿಗೆ ಇದೇ ಲೆಕ್ಕ ಹಾಕಿದರು. ಅವರಲ್ಲಿದ್ದ ಎಚ್‌ಐವಿ ತಳಿ ಪಶ್ಚಿಮ ಆಫ್ರಿಕಾದಲ್ಲಿ ಸಾಮಾನ್ಯವಾದದ್ದು. ಅದು ಮಾರ್ಚ್‌ಗೆ ಮೊದಲೇ ಮಕ್ಕಳಲ್ಲಿ ಹರಡುತ್ತಿತ್ತು. ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕದ ಸಾಕ್ಷಿ ಜೊತೆಯಲ್ಲಿದ್ದ ಹೆಪಟೈಟಿಸ್ ಸಿ, ಅಂದರೆ ರಕ್ತದ ಮೂಲಕ ಹರಡಿ ಯಕೃತ್ತನ್ನು ಕಾಡುವ ಇನ್ನೊಂದು ವೈರಸ್. ಹಲವು ಮಕ್ಕಳಲ್ಲಿ ಅದೂ ಇತ್ತು. ಅದರಲ್ಲಿ ಒಂದಲ್ಲ, ಬೇರೆ ಬೇರೆ ತಳಿಗಳಿದ್ದವು. ಅವೂ ಮೊದಲಿನಿಂದಲೇ ಹರಡುತ್ತಿದ್ದಂಥವು. ಒಂದು ಸಂಚಿಗೆ ಇಷ್ಟು ಬಗೆಯ ವೈರಸ್ ಏಕೆ ಬೇಕು? ಸೂಜಿ, ಸಿರಿಂಜುಗಳ ವಿಷಯದಲ್ಲಿ ಬಹುಕಾಲದಿಂದ ನಡೆದಿದ್ದ ಅಸಡ್ಡೆಯ ಕಡೆಗೇ ಇದು ಬೆರಳು ತೋರಿಸುತ್ತದೆ.

ವರದಿ ಪ್ರಕಟವಾದದ್ದು 2006ರ ಡಿಸೆಂಬರ್‌ನಲ್ಲಿ. ಅದೇ ತಿಂಗಳು ನ್ಯಾಯಾಲಯ ಮತ್ತೆ ಮರಣದಂಡನೆಯನ್ನೇ ವಿಧಿಸಿತು! 2007ರ ಜುಲೈನಲ್ಲಿ ಆರೂ ಮಂದಿ ಹೊರಬಂದದ್ದು ರಾಜತಾಂತ್ರಿಕ ಮಾತುಕತೆಯಿಂದ.

ಹಾಗಾದರೆ ಪ್ರಶ್ನೆಗೆ ಉತ್ತರ? ‘ಇವರಿಂದಲ್ಲ’ ಎನ್ನುವುದನ್ನು ಜೀನ್ ಬಹಳ ಗಟ್ಟಿಯಾಗಿ ಹೇಳಬಲ್ಲದು. ‘ಇವರಿಂದಲೇ’ ಎನ್ನಲು ತಡವರಿಸುತ್ತದೆ. ಇಬ್ಬರ ವೈರಸ್‌ಗಳು ಎಷ್ಟೇ ಹೋಲಲಿ, ಅವರಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಟ್ಟಿರಬಹುದು, ಇಲ್ಲವೇ ನಮ್ಮ ಕೈಗೆ ಸಿಗದ ಮೂರನೆಯ ಪ್ರತಿಯಿಂದ ಇಬ್ಬರಿಗೂ ಬಂದಿರಬಹುದು.